ಅಜ್ಜನ ಕಾರು, ಆರು ವೋಲ್ಟಿನ ಲೆಕ್ಕ



ಸೇಲಂ, ಧರ್ಮಪುರಿ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಕಾರು ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತದೆ. ಅಜ್ಜನ ಕಾಲದಲ್ಲಿ ಮದುವೆ ದಿಬ್ಬಣಕ್ಕೆ, ತೀರ್ಥಯಾತ್ರೆಗೆ, ಮಗಳನ್ನು ಬಾಣಂತನಕ್ಕೆ ಕರೆತರಲು ಓಡಿದ ಗಾಡಿ ಅದು. ಈಗ ಅದು ಮನೆಗೆ ಭೂಷಣವೋ ಹೊರೆಯೋ ಎಂಬ ಚರ್ಚೆ ನಡೆಯುತ್ತಿರುತ್ತದೆ. ಹಿರಿಯರಿಗೆ ಮಾರಲು ಮನಸ್ಸಿಲ್ಲ. ಕಿರಿಯರಿಗೆ ಅದನ್ನು ನಂಬಿ ಊರಾಚೆ ಹೋಗಲು ಧೈರ್ಯವಿಲ್ಲ. ಎಲ್ಲರ ಬಾಯಲ್ಲೂ ಒಂದೇ ದೂರು: "ಆರು ವೋಲ್ಟಿನ ಕರೆಂಟು, ಅದರಲ್ಲಿ ದಮ್ಮಿಲ್ಲ."

ಈ ದೂರು ಎಷ್ಟು ನಿಜ? ಹೊಲಿಗೆ ಯಂತ್ರ, ಗೋಡೆ ಗಡಿಯಾರಗಳ ಬಗ್ಗೆ ಇದೇ ಪುಟದಲ್ಲಿ ಬರೆದಾಗ ಹೇಳಿದ್ದ ಮಾತನ್ನೇ ಮತ್ತೆ ಹೇಳಬೇಕಾಗಿದೆ: ಹಳೆಯ ಯಂತ್ರದ ದೋಷ ಬಹಳ ಸಲ ಅದರ ಹುಟ್ಟಿನಲ್ಲಿಲ್ಲ, ನಮ್ಮ ಆರೈಕೆಯಲ್ಲಿದೆ.

ಧರ್ಮಪುರಿಯ ಓದುಗರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಅವರ ತಾತ 1950ರ ಸುಮಾರಿಗೆ ಕೊಂಡ ಪ್ಲಿಮತ್ ಕಾರು ಮನೆಯಲ್ಲಿದೆ. ತೊಂದರೆಗಳು ಮೂರು. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುವ ಕಾರು, ಮಧ್ಯಾಹ್ನದ ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಸೆಲ್ಫ್ ಎಳೆಯುವುದಿಲ್ಲ. ಎರಡು ವರ್ಷದಲ್ಲಿ ಮೂರು ಬ್ಯಾಟರಿ ಬದಲಾಗಿದೆ. ಮೂರನೆಯದು ಗಂಭೀರ. ಸೇಲಮ್ಮಿನ ಮದುವೆಗೆ ಹೊರಟವರು ತೊಪ್ಪೂರು ಘಾಟಿ ಇಳಿಯುವಾಗ ಕತ್ತಲಾಯಿತು. ಹಿಂದಿನಿಂದ ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಮುಂದೆ ಹೋಗಿ ನಿಂತಿತು. ಚಾಲಕ ಇಳಿದು ಬಂದು, "ನಿಮ್ಮ ಹಿಂದಿನ ದೀಪ ಹತ್ತಿರ ಬರುವವರೆಗೂ ಕಾಣಲೇ ಇಲ್ಲ" ಎಂದನಂತೆ. ಅಂದಿನಿಂದ ಮನೆಯವರು ಆ ಕಾರನ್ನು ಹತ್ತುವುದಿಲ್ಲ ಎಂದಿದ್ದಾರೆ. ಎಲೆಕ್ಟ್ರಿಷಿಯನ್ "ಹನ್ನೆರಡು ವೋಲ್ಟಿಗೆ ಬದಲಾಯಿಸಿಬಿಡಿ" ಎನ್ನುತ್ತಾನೆ. ಮಕ್ಕಳು "ಮಾರಿಬಿಡಿ" ಎನ್ನುತ್ತಾರೆ. ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ಹೆದ್ದಾರಿ 44ರ ತೊಪ್ಪೂರು ಇಳಿಜಾರು ಅಪಘಾತಗಳಿಗೆ ಹೆಸರಾದ ಜಾಗ. ಅಲ್ಲಿ ಮಂಕು ದೀಪದ ಕಾರು ಓಡಿಸುವುದು ಹಟದ ಮಾತಲ್ಲ, ಪ್ರಾಣದ ಮಾತು. ಆದ್ದರಿಂದ ಮನೆಯವರ ಭಯಕ್ಕೆ ಆಧಾರವಿದೆ. ಆದರೆ ಆ ಭಯಕ್ಕೆ ಕಾರಣ ಆರು ವೋಲ್ಟು ಹೌದೇ ಎಂಬುದನ್ನು ವಿಚಾರಿಸಬೇಕು.

ಮೊದಲು ಸ್ವಲ್ಪ ಇತಿಹಾಸ. ಕಾರುಗಳನ್ನು ಮೊದಲು ಹ್ಯಾಂಡಲ್ ತಿರುಗಿಸಿಯೇ ಹೊರಡಿಸುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರು ಎಷ್ಟೋ ಮಂದಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರ ಎಲೆಕ್ಟ್ರಿಕ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಮುಂದೆ ಮೂರು ಸೆಲ್ಲಿನ ಆರು ವೋಲ್ಟ್ ಬ್ಯಾಟರಿಯೇ ಅಮೆರಿಕದ ಕಾರುಗಳಲ್ಲಿ ರೂಢಿಯಾಯಿತು. ನಮ್ಮ ದೇಶದಲ್ಲಿ ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಸೊಲ್ಲಾಪುರದ ಜೈನ ಕುಟುಂಬದಲ್ಲಿ ಜನಿಸಿದ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೂ ಬುನಾದಿ ಹಾಕಿದ ಇವರ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಮುಂಬಯಿಯ ಕುರ್ಲಾದ ಆ ಕಾರ್ಖಾನೆಯಲ್ಲಿ ಕ್ರೈಸ್ಲರ್ ಕಂಪನಿಯ ಡಾಡ್ಜ್, ಡಿಸೋಟೊ, ಪ್ಲಿಮತ್ ಗಾಡಿಗಳು ಜೋಡಣೆಯಾದವು. ಆ ಕಾಲದ ಪ್ಲಿಮತ್, ಡಾಡ್ಜ್ ಕಾರುಗಳೆಲ್ಲ ಆರು ವೋಲ್ಟಿನವೇ. ಷೆವರ್ಲೆ 1955ರಲ್ಲಿ, ಫೋರ್ಡ್ ಮತ್ತು ಪ್ಲಿಮತ್ 1956ರಲ್ಲಿ ಹನ್ನೆರಡಕ್ಕೆ ಬದಲಾದವು. ಎಂಜಿನ್‌ಗಳ ಒತ್ತಡ ಹೆಚ್ಚಿ ಅವನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕಾಯಿತು, ರೇಡಿಯೊ ಮುಂತಾದ ಸಾಮಾನುಗಳೂ ಸೇರಿಕೊಂಡವು. ಅದಕ್ಕೇ ಬದಲಾವಣೆ. ಹಳೆಯ ಎಂಜಿನ್‌ಗೆ ಆರು ವೋಲ್ಟು ಸಾಲದು ಎಂದಲ್ಲ. ಹೊಸದಾಗಿದ್ದಾಗ ಇದೇ ಕಾರು, ಇದೇ ಬಿಸಿಲಲ್ಲಿ, ಇದೇ ಘಾಟಿಗಳಲ್ಲಿ ಓಡಿದೆಯಲ್ಲವೇ?

ಹಾಗಾದರೆ ಈಗೇನಾಗಿದೆ? ಇಲ್ಲಿ ಒಂದು ಸಣ್ಣ ಲೆಕ್ಕ ಬೇಕು.

45 ವಾಟಿನ ಎರಡು ಹೆಡ್‌ಲೈಟುಗಳಿವೆ ಎನ್ನೋಣ. ಹನ್ನೆರಡು ವೋಲ್ಟಿನ ಕಾರಿನಲ್ಲಿ ಇವೆರಡಕ್ಕೂ ಸೇರಿ ಏಳೂವರೆ ಆಂಪಿಯರ್ ಕರೆಂಟು ಸಾಕು. ಆರು ವೋಲ್ಟಿನಲ್ಲಿ ಅದೇ ಬೆಳಕಿಗೆ ಹದಿನೈದು ಆಂಪಿಯರ್ ಬೇಕು. ಕರೆಂಟು ಎರಡರಷ್ಟಾದರೆ ಅದೇ ವೈರಿನಲ್ಲಿ ಸೋರಿಹೋಗುವ ವೋಲ್ಟೂ ಎರಡರಷ್ಟು. ಇರುವ ಬಂಡವಾಳವೋ ಅರ್ಧ. ಹೀಗಾಗಿ ಪ್ರಮಾಣದಲ್ಲಿ ನೋಡಿದರೆ ನಷ್ಟ ನಾಲ್ಕು ಪಟ್ಟು. ಒಂದು ಸಡಿಲ ಸ್ಕ್ರೂ, ಒಂದು ತುಕ್ಕು ಹಿಡಿದ ಜೋಡಣೆ ಹೊಸ ಕಾರಿಗೆ ಸಣ್ಣ ತೊಂದರೆ. ನಮ್ಮ ಹಳೆಯ ಕಾರಿಗೆ ದೊಡ್ಡ ತೊಂದರೆ.

ಬಲ್ಬಿನ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ವೋಲ್ಟು ಇಳಿದಷ್ಟೇ ಬೆಳಕು ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ದಾರಿಯಲ್ಲಿ ಒಂದು ವೋಲ್ಟ್ ಸೋರಿ ಬಲ್ಬಿಗೆ ಐದೇ ತಲುಪಿದರೆ ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದೇ ಒಂದು ವೋಲ್ಟ್ ಹನ್ನೆರಡು ವೋಲ್ಟಿನ ಕಾರಿನಲ್ಲಿ ಸೋರಿದರೆ ಹೋಗುವುದು ಕಾಲು ಭಾಗ ಬೆಳಕು ಮಾತ್ರ.

ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚು ಸಂಬಳದ ಮನೆಯಲ್ಲಿ ನೂರು ರೂಪಾಯಿ ಕಳೆದರೆ ಗೊತ್ತೇ ಆಗುವುದಿಲ್ಲ. ಕಡಿಮೆ ಆದಾಯದ ಮನೆಯಲ್ಲಿ ಆ ನೂರೇ ತಿಂಗಳ ಕೊನೆಯ ವಾರದ ಹಾಲು. ಅಂಥ ಮನೆ ನಡೆಯುವುದು ಸೋರಿಕೆ ತಡೆಯುವುದರಿಂದ. ಆರು ವೋಲ್ಟಿನ ಕಾರಿನ ರಹಸ್ಯವೂ ಇಷ್ಟೇ. ಮಿಕ್ಕಿದ್ದೆಲ್ಲ ಇದರ ವಿವರ.

ಸೆಲ್ಫಿನಿಂದ ಆರಂಭಿಸೋಣ. ಎಂಜಿನ್ ತಿರುಗಿಸುವಾಗ ಸೆಲ್ಫ್ ಇನ್ನೂರು ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಕರೆಂಟು ಎಳೆಯುತ್ತದೆ. ಮೂಲ ಕೇಬಲ್ ಹೆಬ್ಬೆರಳಿನಷ್ಟು ದಪ್ಪವಿತ್ತು. ಅದು ಹಾಳಾದಾಗ ಅಂಗಡಿಯಲ್ಲಿ ಸಿಗುವ ಈಗಿನ ಕಾರಿನ ಕೇಬಲ್ ಹಾಕಿಸಿಬಿಡುತ್ತಾರೆ. ನೋಡಲು ಹೊಸದು, ಚೆಂದ. ಆದರೆ ಒಳಗಿನ ತಾಮ್ರ ತೆಳು. ಹೋಗಿ ಬರುವ ದಾರಿ ಒಟ್ಟು ಎರಡು ಮೀಟರ್ ಎಂದುಕೊಂಡರೆ, 16 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನಲ್ಲಿ ಸುಮಾರು 0.44 ವೋಲ್ಟ್ ಸೋರುತ್ತದೆ. 50 ಚದರ ಮಿಲಿಮೀಟರಿನದರಲ್ಲಿ 0.14 ಮಾತ್ರ. ಇರುವುದೇ ಐದು ಚಿಲ್ಲರೆ ವೋಲ್ಟು ಎಂಬಾಗ ಈ ವ್ಯತ್ಯಾಸ ಸಣ್ಣದಲ್ಲ.

ಪರಿಹಾರ ಸುಲಭ. ವೆಲ್ಡಿಂಗ್ ಸಾಮಾನಿನ ಅಂಗಡಿಗೆ ಹೋಗಿ 50 ಅಥವಾ 70 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ಅಳತೆಗೆ ಕತ್ತರಿಸಿ ಕೊಳ್ಳಿ. ಅಲ್ಯುಮಿನಿಯಂ ಬೇಡ. ತುದಿಗೆ ತಾಮ್ರದ ಲಗ್ ಹಾಕಿ, ಸುತ್ತಿಗೆಯಲ್ಲಿ ಬಡಿಸದೆ, ಪ್ರೆಸ್ ಇರುವವರಲ್ಲಿ ಒತ್ತಿಸಿ.

ಅರ್ಧ ದಾರಿ ಆಯಿತು. ಕರೆಂಟು ಹೋದರೆ ಸಾಲದು, ವಾಪಸು ಬರಬೇಕು. ಅದು ಬರುವುದು ಎಂಜಿನ್, ಚಾಸಿಸ್ ಲೋಹದ ಮೂಲಕ. ಎಂಜಿನ್ ಕುಳಿತಿರುವುದು ರಬ್ಬರ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು. ಆದ್ದರಿಂದ ಎಂಜಿನ್‌ನಿಂದ ಚಾಸಿಸ್‌ಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿ ಇರಲೇಬೇಕು. ಅನೇಕ ಕಾರುಗಳಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವರು ಅದನ್ನು ಮರೆತಿರುತ್ತಾರೆ. ಇನ್ನು ಕೆಲವರು ಕಾರಿಗೆ ಅಚ್ಚುಕಟ್ಟಾಗಿ ಬಣ್ಣ ಹೊಡೆಸಿ, ಆ ಬಣ್ಣದ ಮೇಲೆಯೇ ಅರ್ತಿಂಗ್ ಬೋಲ್ಟ್ ಬಿಗಿಯುತ್ತಾರೆ. ಬಣ್ಣವೂ ರಬ್ಬರಿನಂತೆಯೇ ಅಡ್ಡಗೋಡೆ. ಲೋಹ ಬೆಳ್ಳಗೆ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು.

ಸೋರಿಕೆ ಎಲ್ಲಿದೆ ಎಂದು ಊಹಿಸಬೇಕಿಲ್ಲ. ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್‌ನಿಂದ ಕಿತ್ತು ಎಂಜಿನ್ ಲೋಹಕ್ಕೆ ತಾಗಿಸಿಡಿ, ಎಂಜಿನ್ ಹೊರಡದಿರಲಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೆಯೇ ಇಡಿ, ಕ್ಲಾಂಪಿನ ಮೇಲೆ ಬೇಡ. ಇನ್ನೊಂದನ್ನು ಸೆಲ್ಫಿನ ತುದಿಗೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಕಳ್ಳನಿದ್ದಾನೆ. ಬ್ಯಾಟರಿಯ ಇನ್ನೊಂದು ಕಂಬಕ್ಕೂ ಎಂಜಿನ್ ಲೋಹಕ್ಕೂ ನಡುವೆ ಹೀಗೆಯೇ ನೋಡಿ. ಹೆಡ್‌ಲೈಟ್ ಹೊತ್ತಿಸಿ ಬಲ್ಬಿನವರೆಗೂ ನೋಡಿ. ಕಾಸಿನ ಖರ್ಚಿಲ್ಲದ ಪರೀಕ್ಷೆ. ಇದನ್ನು ಮಾಡದೆ ಬ್ಯಾಟರಿ ಬದಲಾಯಿಸುತ್ತ ಹೋಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಬಿಸಿಲಲ್ಲಿ ಸ್ಟಾರ್ಟ್ ಆಗದಿರುವುದಕ್ಕೂ ಉತ್ತರ ಇಲ್ಲೇ ಇದೆ. ತಾಮ್ರ ಕಾದಷ್ಟೂ ಕರೆಂಟಿಗೆ ಅಡ್ಡಿ ಮಾಡುತ್ತದೆ. ಅರವತ್ತು ಡಿಗ್ರಿ ಹೆಚ್ಚು ಕಾದರೆ ಅಡ್ಡಿ ಸುಮಾರು ಕಾಲು ಭಾಗ ಏರುತ್ತದೆ. ಓಡಿ ಬಂದು ನಿಂತ ಎಂಜಿನ್ ಪಕ್ಕದಲ್ಲಿರುವ ಸೆಲ್ಫ್ ಅಷ್ಟು ಕಾಯುವುದು ಸಹಜ. ಕೇಬಲ್, ಅರ್ತಿಂಗ್ ಸರಿಯಿದ್ದರೆ ಈ ಹೆಚ್ಚುವರಿ ಹೊರೆಯನ್ನು ಅದು ತಾಳಿಕೊಳ್ಳುತ್ತದೆ. ಇವೆರಡೂ ಸರಿಯಿದ್ದೂ ಎಳೆಯದಿದ್ದರೆ ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬ್ರಷ್, ಬುಷ್ ನೋಡಿಸಿ. ಬುಷ್ ಸವೆದರೆ ಒಳಗಿನ ಆರ್ಮೇಚರ್ ಬದಿಗೆ ಉಜ್ಜಿ ಕರೆಂಟು ಸುಮ್ಮನೆ ವ್ಯರ್ಥ. ಕಮ್ಯುಟೇಟರ್ ಉಜ್ಜಲು ಎಮರಿ ಕಾಗದ ಬೇಡ, ಅದರ ಪುಡಿ ಶಾರ್ಟ್ ಮಾಡುತ್ತದೆ. ನಯವಾದ ಸ್ಯಾಂಡ್‌ಪೇಪರ್ ಬಳಸಬೇಕು.

ಈಗ ಬ್ಯಾಟರಿ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 6.3 ವೋಲ್ಟಿನ ಆಸುಪಾಸು ತೋರಿಸಬೇಕು. ಇಂಥ ಬ್ಯಾಟರಿಗಳು ಓಡಿ ಸಾಯುವುದಕ್ಕಿಂತ ನಿಂತು ಸಾಯುವುದೇ ಹೆಚ್ಚು. ಬಳಸದೆ ಬಿಟ್ಟರೆ ತಾನಾಗಿಯೇ ಇಳಿದು, ಪ್ಲೇಟುಗಳ ಮೇಲೆ ಬಿಳಿಯ ಪದರ ಗಟ್ಟಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಎರಡು ವರ್ಷದಲ್ಲಿ ಮೂರು ಬ್ಯಾಟರಿ ಹೋಗಲು ಇದೂ ಒಂದು ಕಾರಣವಿರಬಹುದು. ತಿಂಗಳಿಗೊಮ್ಮೆ ಆರು ವೋಲ್ಟಿನ ಚಾರ್ಜರಿಗೆ ಹಾಕಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿ. ನಲ್ಲಿ ನೀರು, ಬೋರ್‌ವೆಲ್ ನೀರು ಖಂಡಿತ ಬೇಡ. ಕಂಬದ ಮೇಲೆ ಬಿಳಿ ಪುಡಿ ಕಟ್ಟಿದರೆ ಅಡಿಗೆ ಸೋಡಾ ಕದಡಿದ ನೀರಿನಿಂದ ತೊಳೆದು ಒರೆಸಿ. ಆ ನೀರು ಒಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಚಾರ್ಜ್ ಆಗುವಾಗ ಹೊರಡುವ ಅನಿಲಕ್ಕೆ ಕಿಡಿ ತಾಗಿದರೆ ಸಿಡಿಯುತ್ತದೆ. ಆದ್ದರಿಂದ ಮಕ್ಕಳು ಹತ್ತಿರವಿರಬಾರದು, ದೀಪ, ಊದುಬತ್ತಿಯೂ ಇರಬಾರದು.

ಒಂದು ಎಚ್ಚರಿಕೆ. ಪ್ಲಿಮತ್, ಡಾಡ್ಜ್, ಫೋರ್ಡ್, ಪ್ಯಾಕಾರ್ಡ್ ಮುಂತಾದ ಆ ಕಾಲದ ಕಾರುಗಳಲ್ಲಿ ಚಾಸಿಸ್‌ಗೆ ಜೋಡಿಸುವುದು ಪ್ಲಸ್ ಕಂಬವನ್ನು. ಷೆವರ್ಲೆ, ಬ್ಯೂಕ್ ಕಾರುಗಳಲ್ಲಿ ಮೈನಸ್. ಈಗಿನ ಅಭ್ಯಾಸದಲ್ಲಿ ಹುಡುಗರು ಮೈನಸ್ಸನ್ನೇ ಚಾಸಿಸ್‌ಗೆ ಜೋಡಿಸಿಬಿಡುತ್ತಾರೆ. ಬ್ಯಾಟರಿಯ ಹತ್ತಿರ "ಪ್ಲಸ್ ಅರ್ತಿಂಗ್, ಆರು ವೋಲ್ಟ್" ಎಂದು ಕನ್ನಡದಲ್ಲೂ ತಮಿಳಿನಲ್ಲೂ ಬರೆದು ಅಂಟಿಸಿಬಿಡಿ. ಬ್ಯಾಟರಿ ಬಿಚ್ಚುವಾಗ ಮೊದಲು ಬಿಚ್ಚಬೇಕಾದದ್ದು ಚಾಸಿಸ್‌ಗೆ ಹೋಗುವ ಕೇಬಲ್. ದಾರಿಯಲ್ಲಿ ನಿಂತಾಗ ಈಗಿನ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಸಲು ಯಾರಾದರೂ ಬಂದರೆ ನಯವಾಗಿ ಬೇಡವೆನ್ನಿ.

ಡೈನಮೊ ವಿಷಯ. ಈಗಿನ ಆಲ್ಟರ್ನೇಟರ್‌ನಂತೆ ಹಳೆಯ ಡೈನಮೊ ನಿಧಾನಗತಿಯಲ್ಲಿ ಚಾರ್ಜ್ ಮಾಡುವುದಿಲ್ಲ. ರಾತ್ರಿ ದೀಪ ಹೊತ್ತಿಸಿ ಟೋಲ್‌ಗೇಟಿನ ಸಾಲಿನಲ್ಲಿ ನಿಂತರೆ ಖರ್ಚೆಲ್ಲ ಬ್ಯಾಟರಿಯದು. ಆಗ ಅನವಶ್ಯಕ ದೀಪ ಆರಿಸಿ. ಬೆಲ್ಟ್ ಬಿಗಿಯಾಗಿರಲಿ, ಬ್ರಷ್ ಸವೆದಿರದಿರಲಿ. ರೆಗ್ಯುಲೇಟರ್ ಇರುವ ಕಾರಿನಲ್ಲಿ, ಓಡುವಾಗ ಬ್ಯಾಟರಿಯ ಮೇಲೆ 7.2 ವೋಲ್ಟಿನ ಆಸುಪಾಸು ಇರಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಬ್ಯಾಟರಿ ಕುದಿದು ನೀರು ಇಂಗುತ್ತದೆ. ಬ್ಯಾಟರಿಗಳು ಬೇಗ ಸಾಯುವ ಮನೆಯಲ್ಲಿ ಇದನ್ನು ಮೊದಲು ಪರೀಕ್ಷಿಸಬೇಕು. ಬ್ಯಾಟರಿ ಬಿಚ್ಚಿಟ್ಟು ಎಂಜಿನ್ ಓಡಿಸುವ ಸಾಹಸ ಬೇಡ. ವೋಲ್ಟು ಹದ್ದುಮೀರಿ ಬಲ್ಬುಗಳು ಸುಟ್ಟುಹೋದಾವು.

ಇನ್ನು ದೀಪ, ಅಂದರೆ ಪ್ರಾಣದ ಮಾತು. ಮುಂದಿನ ದೀಪದ ಹದಿನೈದು ಆಂಪಿಯರೂ ಡ್ಯಾಶ್‌ಬೋರ್ಡಿನ ಎಪ್ಪತ್ತು ವರ್ಷದ ಸ್ವಿಚ್, ಕಾಲಿನ ಡಿಮ್ಮರ್ ಸ್ವಿಚ್ ಎರಡನ್ನೂ ದಾಟಿ ಹೋಗುತ್ತದೆ. ಅಲ್ಲೇ ಅರ್ಧ ಜೀವ ಹೋಗಿರುತ್ತದೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು ನೇರವಾಗಿ ಮುಂದಕ್ಕೆ ತಂದು, ದೀಪಗಳ ಬಳಿ ಆರು ವೋಲ್ಟಿನ ರಿಲೇ ಇಟ್ಟರೆ, ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಚ್ಚರಿಸುವ ಕೆಲಸ ಮಾತ್ರ. ಪ್ರತಿ ದೀಪದಿಂದಲೂ ಚಾಸಿಸ್‌ಗೆ ಪ್ರತ್ಯೇಕ ವೈರು ಹಾಕಿಸಿ. ಒಳಗಿನ ರಿಫ್ಲೆಕ್ಟರ್ ಬಿಚ್ಚಲು ಬರುವ ಯುದ್ಧಪೂರ್ವ ಕಾರಾದರೆ ಅದರ ಹೊಳಪು ನೋಡಿ. ಅದು ಬೆಳ್ಳಿಯ ಲೇಪ. ಮಾಸಿದ್ದರೆ ಮತ್ತೆ ಬೆಳ್ಳಿಯನ್ನೇ ಹಾಕಿಸಬೇಕು. ಕ್ರೋಮ್ ಕಣ್ಣಿಗೆ ಹೊಳೆದರೂ ಬೆಳ್ಳಿಯಷ್ಟು ಬೆಳಕು ಹಿಂದಿರುಗಿಸುವುದಿಲ್ಲ. ಬೆಳ್ಳಿ ಕಾಲ್ಗೆಜ್ಜೆಗೆ ಹೆಸರಾದ ಸೇಲಮ್ಮಿನಲ್ಲಿ ಬೆಳ್ಳಿ ಕೆಲಸದವರಿಗೆ ಬರವಿಲ್ಲ.

ಹಿಂದಿನ ದೀಪಕ್ಕೆ ಇನ್ನೂ ಹೆಚ್ಚು ಗಮನ ಬೇಕು. ಮುಂದಿನದು ನಮಗೆ ದಾರಿ ತೋರಿಸುತ್ತದೆ, ಹಿಂದಿನದು ನಮ್ಮನ್ನು ಲಾರಿಗೆ ತೋರಿಸುತ್ತದೆ. ಅಲ್ಲಿ ಮೂಲ ಬಲ್ಬೇ ಚಿಕ್ಕದು, ವೈರು ಉದ್ದ, ಅರ್ತಿಂಗ್ ತುಕ್ಕು ಹಿಡಿದ ಮಡ್‌ಗಾರ್ಡಿನ ಮೂಲಕ. ಹೋಲ್ಡರ್ ಕೆರೆದು ಶುಚಿ ಮಾಡಿ, ಪ್ರತ್ಯೇಕ ಅರ್ತಿಂಗ್ ವೈರು ಎಳೆಯಿರಿ. ಆರು ವೋಲ್ಟಿನ ಎಲ್‌ಇಡಿ ಬಲ್ಬು ಈಗ ಸಿಗುತ್ತದೆ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು. ಪ್ಲಸ್ ಅರ್ತಿಂಗ್‌ಗೆ ಹೊಂದುವುದನ್ನೇ ಕೇಳಿ ಕೊಳ್ಳಬೇಕು. ಹಳೆಯ ಬುಲೆಟ್, ರಾಜದೂತ್, ಯೆಜ್ದಿಗಳೂ ಆರು ವೋಲ್ಟಿನವೇ ಆಗಿದ್ದರಿಂದ, ಹಳೆಯ ಬೈಕ್ ಸ್ಪೇರ್ಸ್ ಅಂಗಡಿಗಳಲ್ಲಿ ಸಾದಾ ಬಲ್ಬು ಹುಡುಕಿದರೆ ಸಿಕ್ಕೀತು. ಬಂಪರ್ ಮೇಲೆ ಕೆಂಪು ಪ್ರತಿಫಲಕ ಎರಡು ಅಂಟಿಸಿದರೆ ಅಜ್ಜನ ಕಾರಿನ ಅಂದವೇನೂ ಕೆಡದು. ಇಷ್ಟೆಲ್ಲ ಆದ ಮೇಲೂ ತೊಪ್ಪೂರು ಇಳಿಜಾರನ್ನಾಗಲಿ ಏರ್ಕಾಡಿನ ಇಪ್ಪತ್ತು ತಿರುವುಗಳನ್ನಾಗಲಿ ಹಗಲಿನಲ್ಲೇ ದಾಟುವುದು ಜಾಣತನ.

ಹನ್ನೆರಡಕ್ಕೆ ಬದಲಾಯಿಸಿದರೆ? ಬ್ಯಾಟರಿ ಒಂದನ್ನು ಬದಲಾಯಿಸಿದರೆ ಮುಗಿಯುವುದಿಲ್ಲ. ಡೈನಮೊ, ರೆಗ್ಯುಲೇಟರ್, ಕಾಯಿಲ್, ಎಲ್ಲ ಬಲ್ಬು, ಹಾರ್ನ್, ಪೆಟ್ರೋಲ್ ಮೀಟರ್, ರೇಡಿಯೊ ಎಲ್ಲವನ್ನೂ ನೋಡಬೇಕು. ಹಳೆಯ ಸೆಲ್ಫ್‌ಗೆ ಹನ್ನೆರಡು ಕೊಟ್ಟರೆ ಅದು ಫ್ಲೈವೀಲಿನ ಹಲ್ಲಿಗೆ ಬಡಿಯುವ ರಭಸಕ್ಕೆ ಹಲ್ಲು ಮುರಿಯಬಹುದು. ಇಷ್ಟು ಮಾಡಿಯೂ ತುಕ್ಕಿನ ಅರ್ತಿಂಗ್ ಹಾಗೆಯೇ ಇದ್ದರೆ ರೋಗ ಮುಚ್ಚಿಟ್ಟಂತಾಯಿತೇ ಹೊರತು ವಾಸಿಯಾಗಲಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳಲ್ಲಿ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಇದೆ. ಮೂಲ ರೂಪಕ್ಕೆ ಬೆಲೆ ಇದೆ ಎಂಬುದಕ್ಕೆ ಇದೇ ಸಾಕ್ಷಿ. ಕೊಯಮತ್ತೂರಿನಲ್ಲಿ 2015ರಲ್ಲಿ ತೆರೆದ ಜೀಡಿ ಕಾರ್ ಮ್ಯೂಸಿಯಂಗಾಗಲಿ, ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕಾಗಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ತಮ್ಮ ಹಿತ್ತಲಲ್ಲಿರುವುದು ಎಂಥ ವಸ್ತು ಎಂದು ಅವರಿಗೆ ಆಗ ತಿಳಿಯುತ್ತದೆ.

ಧರ್ಮಪುರಿಯ ಬಂಧುಗಳಿಗೆ ನನ್ನ ಸಲಹೆ ಇಷ್ಟು: ಮಾರುವ, ಬದಲಾಯಿಸುವ ಯೋಚನೆಯನ್ನು ಮೂರು ತಿಂಗಳು ಮುಂದೂಡಿ. ಮೊದಲ ತಿಂಗಳು ಹಿಂದಿನ ದೀಪ, ಮುಂದಿನ ದೀಪ. ಎರಡನೆಯ ತಿಂಗಳು ದಪ್ಪ ಕೇಬಲ್, ಅರ್ತಿಂಗ್. ಮೂರನೆಯ ತಿಂಗಳು ಡೈನಮೊ, ಸೆಲ್ಫ್. ಪ್ರತಿ ಕೆಲಸದ ಮುಂಚೆ ಮತ್ತು ನಂತರ ಮೀಟರಿನ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಬರೆಯುವ ಕೆಲಸವನ್ನು "ಮಾರಿಬಿಡಿ" ಎನ್ನುವ ಮಗನಿಗೇ ಒಪ್ಪಿಸಿ. ಅಂಕಿ ಇಳಿಯುತ್ತ, ದೀಪ ಬೆಳಗುತ್ತ ಬಂದಂತೆ ಅವನ ಮಾತೂ ಬದಲಾದೀತು. ಕೊನೆಗೆ ಒಂದು ಸಂಜೆ ಮನೆಯವರನ್ನು ಕಾರಿನ ಹಿಂದೆ ನೂರು ಹೆಜ್ಜೆ ದೂರ ನಿಲ್ಲಿಸಿ, ದೀಪ ಹೊತ್ತಿಸಿ ತೋರಿಸಿ. ಅವರು "ಸರಿ, ಕಾಣುತ್ತದೆ" ಎಂದರೆ ಕಾರು ರಸ್ತೆಗಿಳಿಯಲಿ.